ಉಳ್ಳಾಗಡ್ಡಿಗೆ ಕಾವು ಕೂತ ಗುಲಾಬಿ

ಜನವರಿ 7, ಮಂಗಳವಾರ

ಈ ಡೈರಿ ಗೊಬ್ಬರದ ಅಂಗಡಿಯವರು ನಮ್ಮ ಮನೆಯವರಿಗೆ ಕೊಟ್ಟದ್ದು. ಅವರಿಗೆ ಗಿರಣಿ ಗೊತ್ತು, ಹಿಟ್ಟು ಗೊತ್ತು, ಪೆನ್ನು ಗೊತ್ತಿಲ್ಲ. ಬರೆಯುವ ಚಟ ನನಗೂ ಇಲ್ಲ. ಆದರೆ ದಿನಾ ಸಂಜೆ ಹಿತ್ತಲ ಗೋಡೆಯ ಹತ್ತಿರ ನಿಂತು ಪಕ್ಕದ ಮನೆಯ ಮೆಹರಾಜಬೇಗಂಗೆ ನಾಲ್ಕು ಮಾತು ಬೈದು ಬಂದರೇ ನನಗೆ ರೊಟ್ಟಿ ಇಳಿಯುವುದು. ನಾಳೆಯಿಂದ ಅವಳಿರುವುದಿಲ್ಲ. ಗರ್ಭಚೀಲದಲ್ಲಿ ಗಡ್ಡೆ ಇದೆಯಂತೆ, ಸೊಲ್ಲಾಪುರಕ್ಕೆ ಹೋಗಿ ತೆಗೆಸಬೇಕಂತೆ. ಹಾಗಾದರೆ ನನ್ನ ಬೈಗುಳ ಎಲ್ಲಿ ಹಾಕಲಿ? ಇಲ್ಲೇ ಹಾಕುತ್ತೇನೆ.

ಬೈಯುವುದಕ್ಕೆ ಕಾರಣ ಅವಳ ಕೋಳಿಗಳು. ಒಂದು ಹುಂಜ, ಮೂರು ಹೆಣ್ಣು. ಹುಂಜನ ಹೆಸರು ನವಾಬ. ಕರಿಯದು ಬಡಿ ಆಪಾ, ಕೆಂಪಗಿನದು ಗುಲಾಬಿ, ಕಾಲಿನ ಮೇಲೂ ಪುಕ್ಕ ಇರುವ ತಿಕ್ಕಲು ಕೋಳಿ ಮಸ್ತಾನಿ. ನಮ್ಮ ಗಿರಣಿ ಮುಂದೆ ಚೆಲ್ಲಿದ ಜೋಳಕ್ಕೆ ಗೋಡೆ ಹಾರಿ ಬರುತ್ತವೆ. ಬರಬಾರದೆಂದೇ ನಾನು ದಿನಕ್ಕೆ ಮೂರು ಸಲ ಕಸ ಹೊಡೆಯುತ್ತೇನೆ. ಒಂದು ಕಾಳು ಬಿಡುವುದಿಲ್ಲ. ಆದರೂ ಬರುತ್ತವೆ, ಬಂದು ನನ್ನ ಮುಖ ನೋಡುತ್ತವೆ.

ಮಧ್ಯಾಹ್ನ ಮೆಹರಾಜ ಮನೆಯ ಕೀಲಿಕೈ ಹಿಡಿದುಕೊಂಡು ಬಂದಳು.

“ಬಸಮ್ಮ, ನಾ ಬರೋತನಕ ನನ್ನ ಮಕ್ಕಳನ್ನ ನೋಡ್ಕೋ ಬೇ.”

“ನಿನ್ನ ಮಕ್ಕಳು ನನ್ನ ಜೋಳ ತಿಂದು ಇಷ್ಟ ದಪ್ಪ ಆಗ್ಯಾವ. ಇನ್ನ ನಾ ನೋಡ್ಕೋಬೇಕಾ?”

“ಅದಕ್ಕ ನಿನ್ನ ಕಡಿ ಬಂದೀನಿ. ಅವಕ್ಕ ಗುರ್ತಿದ್ದ ಮನಿ ಅಂದ್ರ ನಿಂದೇ.”

ನಾನು ಬಾಯಿ ತೆರೆಯುವುದರೊಳಗೆ ನನ್ನ ಅತ್ತೆ ಗುರುಬಾಯಿ ಒಳಗಿನಿಂದ ಬಂದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ. ಈ ಮನೆಯಲ್ಲಿ ಮೊಟ್ಟೆಯ ಹೆಸರು ತೆಗೆದರೂ ಬಾಯಿ ತೊಳೆಯಬೇಕು. ಸತ್ತರೂ ಒಪ್ಪುವುದಿಲ್ಲ ಅಂದುಕೊಂಡೆ. ಅತ್ತೆ ಮೆಹರಾಜಳ ಮುಖ ನೋಡಿದರು, ಬಹಳ ಹೊತ್ತು ನೋಡಿದರು.

“ಹಿತ್ತಲದಾಗ ಇರ್ಲಿ. ಹೊಸ್ತಿಲ ದಾಟಿ ಒಳಗ ಬಂದ್ರ ಮಾತ್ರ ನಾ ಹೊಸ್ತಿಲ ದಾಟಿ ಹೊರಗ ಹೋಗ್ತೇನಿ, ನೋಡು ಮತ್ತ.”

ಕೀಲಿಕೈ ಕೊಡುವಾಗ ಮೆಹರಾಜಳ ಕೈ ತಣ್ಣಗಿತ್ತು. ಚಳಿ ಬಹಳ ಇದೆ ಈ ಸಲ.

ಜನವರಿ 8, ಬುಧವಾರ

ಬೆಳಿಗ್ಗೆ ಅವಳ ಅಕ್ಕ ವಜೀರುನ್ನಿಸಾ ಸೊಲ್ಲಾಪುರದಿಂದ ಕಾರು ತಂದು ಕರೆದುಕೊಂಡು ಹೋದಳು. ನಾನು ಕಸ ಹೊಡೆಯಲೆಂದು ಹೊರಗೆ ಬಂದಿದ್ದೆ, ಬೀಳ್ಕೊಡಲು ಅಲ್ಲ. ಮೆಹರಾಜ ಕಿಟಕಿಯಿಂದ ತಲೆ ಹೊರಗೆ ಹಾಕಿ, “ನವಾಬನ ಕಣ್ಣಾಗ ಕಣ್ಣಿಟ್ಟು ನೋಡಬ್ಯಾಡ, ಅಂವಗ ಸಿಟ್ಟ ಬರ್ತದ” ಅಂದಳು. ಅಷ್ಟೇ. ಕಾರು ಹೋಯಿತು.

ನೋಡಬೇಡ ಅಂದರೆ ನೋಡದೆ ಇರಲಾಗುತ್ತದೆಯೇ? ನೋಡಿದೆ. ಅವನು ನನ್ನನ್ನು ಎಮ್ಮೆಯ ಗೋದಲಿಯತನಕ ಓಡಿಸಿಕೊಂಡು ಬಂದ. ನಮ್ಮ ನಾಯಿ ಹವಾಲ್ದಾರ ನನಗಿಂತ ಮುಂಚೆ ಓಡಿ ಅಲ್ಲಿ ಅಡಗಿತ್ತು. ಹೆಸರು ನೋಡಿದರೆ ಹವಾಲ್ದಾರ! ಬೆಕ್ಕು ಮುನ್ಷಿ ಮಾತ್ರ ಗೋಡೆಯ ಮೇಲೆ ಕೂತು ಎಲ್ಲ ನೋಡಿತು, ಏನೂ ಮಾಡಲಿಲ್ಲ.

ಸಂಜೆ ನಮ್ಮ ಹಿತ್ತಲಿಗೆ ತಂದಿಟ್ಟ ಅವಳ ಗೂಡಿಗೆ ಕರೆದರೆ ಒಂದೂ ಬರಲಿಲ್ಲ. “ಬರ್ರಿ ಬರ್ರಿ” ಅಂದೆ, “ಬಾ ಬಾ ಬಾ” ಅಂದೆ, ಕೈ ಮುಗಿದೆ. ಅವು ಬೇವಿನ ಗಿಡದ ಕೆಳಗೆ ನಿಂತು ನನ್ನನ್ನೇ ನೋಡಿದವು. ಆಮೇಲೆ ನೆನಪಾಯಿತು, ಅವಳು ಮೊದಲಿನಿಂದಲೂ ಅವುಗಳ ಜೊತೆ ಉರ್ದುವಿನಲ್ಲಿ ಮಾತಾಡಿದವಳು. ಇವಕ್ಕೆ ಕನ್ನಡ ಎಲ್ಲಿಂದ ಬರಬೇಕು? ಅತ್ತ ಇತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, “ಆಜಾ ಮೇರಿ ಬಚ್ಚಿ, ಅಂದರ್ ಚಲೋ” ಅಂದೆ. ನಾಲ್ಕೂ ಸಾಲಾಗಿ ಗೂಡಿಗೆ ಹೋದವು. ಹಿಂದೆ ತಿರುಗಿದರೆ ನಮ್ಮ ಮನೆಯವರು ಗಿರಣಿಯ ಬಾಗಿಲಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮೈಮೇಲೆಲ್ಲ ಹಿಟ್ಟು, ಬಿಳಿ ಹಲ್ಲು.

ಜನವರಿ 10, ಶುಕ್ರವಾರ

ಇವತ್ತು ಗೂಡಿನಲ್ಲಿ ಎರಡು ತತ್ತಿ. ಮುಟ್ಟಬೇಕೋ ಬೇಡವೋ ತಿಳಿಯದೆ ಇಕ್ಕಳ ತಂದೆ. ಬಿಸಿ ಚಹಾದ ಪಾತ್ರೆ ಇಳಿಸಿದ ಹಾಗೆ ಹಿಡಿದೆತ್ತಿದೆ. ಒಂದು ಫಟ್ಟನೆ ಒಡೆಯಿತು. ಅತ್ತೆ ದೂರದಿಂದ “ಶಿವ ಶಿವಾ” ಅಂದರು. ಮುನ್ಷಿ ಬಂದು ನೆಕ್ಕಿತು, ಅದಕ್ಕೆ ಶಿವನೂ ಇಲ್ಲ, ಅಲ್ಲಾನೂ ಇಲ್ಲ.

ಅತ್ತೆ ತೀರ್ಪು ಕೊಟ್ಟರು: ತತ್ತಿ ಹಿತ್ತಲದಲ್ಲೇ ಇರಬೇಕು, ಸಂಜೆಯೊಳಗೆ ಮನೆ ಬಿಡಬೇಕು. ಎದುರು ಮನೆಯ ಸುನಿತಾ ಬಸುರಿ, ಆಕೆಗೆ ಕೊಡಬೇಕು. ಸುನಿತಾ ಸೆರಗಿನಲ್ಲಿ ತತ್ತಿ ಕಟ್ಟಿಕೊಂಡು, “ಅಕ್ಕ, ನಿಮ್ಮ ಮನಿ ತತ್ತಿ ಅಂದ್ರ ಪ್ರಸಾದ ಇದ್ದಂಗ ರಿ” ಅಂದಳು. ಅತ್ತೆಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ.

ನಾಳೆಯಿಂದ ಕೈಯಲ್ಲೇ ಎತ್ತುತ್ತೇನೆ. ಇಕ್ಕಳಕ್ಕೆ ಹಿಡಿತ ಸಾಲದು.

ಜನವರಿ 13, ಸೋಮವಾರ

ಬಡಿ ಆಪಾ ನಮ್ಮ ಎಮ್ಮೆ ಶೇವಂತಿಯ ಬೆನ್ನೇರಿ ಕೂರುತ್ತಾಳೆ. ಮೈಮೇಲೆ ನೊಣ ಕೂತರೂ ಬಾಲ ಬೀಸಿ ನನ್ನ ಕೆನ್ನೆಗೇ ಬಾರಿಸುವ ಎಮ್ಮೆ ಅದು. ಈಗ ಕಣ್ಣು ಮುಚ್ಚಿಕೊಂಡು ಮೆಲುಕು ಹಾಕುತ್ತದೆ. ಬಡಿ ಆಪಾ ಅಲ್ಲಿಂದ ಇಡೀ ಹಿತ್ತಲಿನ ಮೇಲೆ ಕಣ್ಣಿಟ್ಟಿರುತ್ತಾಳೆ, ತಹಸೀಲ್ದಾರ ಜೀಪಿನಲ್ಲಿ ಕೂತ ಹಾಗೆ.

ಇವತ್ತು ಬೆಳಿಗ್ಗೆ ಹಾಲು ಜಾಸ್ತಿ ಬಂತು. ಇದಕ್ಕೂ ಕೋಳಿಗೂ ಸಂಬಂಧ ಇಲ್ಲ.

ಜನವರಿ 15, ಬುಧವಾರ

ಆಪರೇಷನ್ ಆಯಿತು. ವಜೀರುನ್ನಿಸಾ ಫೋನ್ ಮಾಡಿದ್ದಳು. ಗಡ್ಡೆಯ ತುಂಡನ್ನು ಪರೀಕ್ಷೆಗೆ ಕಳಿಸಿದ್ದಾರೆ, ಕೆಟ್ಟದ್ದೋ ಒಳ್ಳೆಯದೋ ಆಮೇಲೆ ಗೊತ್ತಾಗುತ್ತದಂತೆ.

ಕಸ ಹೊಡೆಯಲು ಮನಸ್ಸಾಗಲಿಲ್ಲ.

ಜನವರಿ 17, ಶುಕ್ರವಾರ

ಗುಲಾಬಿಗೆ ಏನೋ ಆಗಿದೆ! ಬೆಳಗಿನಿಂದ ಕಾಣಲಿಲ್ಲ. ಹಿತ್ತಲು, ಗಿರಣಿ, ಹುಲ್ಲಿನ ಬಣವೆ ಎಲ್ಲ ಹುಡುಕಿದೆ. ಕೊನೆಗೆ ಒಳಗಿನ ಖೋಲಿಯಲ್ಲಿ ಅತ್ತೆಯ ಮಂಚದ ಕೆಳಗೆ, ಉಳ್ಳಾಗಡ್ಡಿ ಬುಟ್ಟಿಯಲ್ಲಿ ಸಿಕ್ಕಳು. ಹೊಸ್ತಿಲು ದಾಟಿ ಒಳಗೆ ಬಂದಿದ್ದಾಳೆ! ಪುಕ್ಕ ಎಲ್ಲ ಉಬ್ಬಿಸಿಕೊಂಡು, ಕಣ್ಣು ಒಂದೇ ಕಡೆ ನೆಟ್ಟು, ಉಳ್ಳಾಗಡ್ಡಿಗಳ ಮೇಲೆ ಮುದ್ದೆಯ ಹಾಗೆ ಕೂತಿದ್ದಾಳೆ. ಎತ್ತಲು ಹೋದರೆ ಗುರ್ ಅಂದಳು. ಕೋಳಿ ಗುರ್ ಅನ್ನುವುದನ್ನು ನಾನು ಕೇಳಿದ್ದು ಇದೇ ಮೊದಲು. ಜೋಳ ಹಾಕಿದೆ, ಮೂಸಲೂ ಇಲ್ಲ.

ತತ್ತಿಯ ಮೇಲೆ ಕೋಳಿ ಕೂರುವುದು ಎಲ್ಲರಿಗೂ ಗೊತ್ತು. ಹೆಚ್ಚಿದರೆ ಕಣ್ಣೀರು ತರಿಸುವ ಉಳ್ಳಾಗಡ್ಡಿಯ ಮೇಲೆ ಯಾರು ಕೂರುತ್ತಾರೆ? ಬುದ್ಧಿ ಇದ್ದ ಕೋಳಿ ಕೂರುತ್ತದೆಯೇ?

ಅತ್ತೆ ಬಗ್ಗಿ ನೋಡಿದರು. ಈಗ ಗಂಟು ಮೂಟೆ ಕಟ್ಟುತ್ತಾರೆ ಅಂದುಕೊಂಡೆ.

“ದೃಷ್ಟಿ ಆಗ್ಯಾದ” ಅಂದರು. “ನಿನ್ನಿ ಸುನಿತಾನ ಮನಿಗೆ ಬಂದಿದ್ದ ಬೀಗರು ಇದರ ಬಣ್ಣ ನೋಡಿ ಬಾಯಿ ಬಾಯಿ ಬಿಡಾಕತ್ತಿದ್ರು. ಉಪ್ಪು ಮೆಣಸಿನಕಾಯಿ ತಾ.”

ತಂದೆ. ಅತ್ತೆ ಮಂಚದ ಕೆಳಗೆ ಕೈ ಹಾಕಿ ಗುಲಾಬಿಗೆ ದೃಷ್ಟಿ ತೆಗೆದರು. ಮೆಣಸಿನಕಾಯಿ ಒಲೆಗೆ ಹಾಕಿದರೆ ಘಾಟಿಗೆ ನಾವೆಲ್ಲ ಕೆಮ್ಮಿ ಕೆಮ್ಮಿ ಹೊರಗೆ ಓಡಿದೆವು. ಗುಲಾಬಿ ಕದಲಲಿಲ್ಲ. ನಮ್ಮ ಮನೆಯವರು ಓಂಕಾಳಿನ ನೀರು ಕುದಿಸಿ ಚಮಚದಲ್ಲಿ ಕುಡಿಸಲು ಹೋಗಿ ಬೆರಳು ಕಚ್ಚಿಸಿಕೊಂಡರು. ಗುಲಾಬಿ ಬದುಕುವುದಿಲ್ಲವೇನೋ. ಮೆಹರಾಜಳಿಗೆ ಏನು ಹೇಳಲಿ? ಈ ಹೊತ್ತಿನಲ್ಲಿ ಹೇಗೆ ಹೇಳಲಿ? ನನಗೆ ಅಳು ಬಂತು, ಕೋಳಿಗಲ್ಲ, ಮೆಣಸಿನಕಾಯಿ ಘಾಟಿಗೆ.

ಜನವರಿ 18, ಶನಿವಾರ

ಹೇಳಿದೆ. ತಡೆಯಲಾಗಲಿಲ್ಲ. ವಿಡಿಯೋ ಫೋನಿನಲ್ಲಿ ಮೆಹರಾಜ ದಿಂಬಿಗೆ ಒರಗಿ ಕೂತಿದ್ದಳು, ಮುಖ ಹಿಟ್ಟಿನ ಹಾಗೆ ಬಿಳುಚಿತ್ತು. ನಾನು ಒಂದೇ ಉಸಿರಿನಲ್ಲಿ, “ಗುಲಾಬಿಗೆ ಜಡ್ಡ ಆಗ್ಯಾದ, ಉಳ್ಳಾಗಡ್ಡಿ ಮ್ಯಾಲ ಕುಂತಾಳ, ಏಳವಲ್ಲಳು, ತಿನ್ನವಲ್ಲಳು, ಗುರ್ ಅಂತಾಳ, ದೃಷ್ಟಿ ತಗದ್ವಿ, ಓಂಕಾಳ ನೀರ ಹಾಕಿದ್ವಿ” ಅಂದೆ.

ಅವಳ ಭುಜ ಅಲುಗಾಡತೊಡಗಿತು. ಅಳುತ್ತಾಳೆ ಅಂದುಕೊಂಡೆ. ನೋಡಿದರೆ ನಗು! ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಾಳೆ.

“ಹಾಯ್ ಅಲ್ಲಾ! ಕಾವಿಗೆ ಕುಂತಾಳ ಬೇ ಅಕಿ! ನೀ ದಿನಾ ತತ್ತಿ ಎತ್ತಿಗೊಂಡ ಹೋದ್ರ ಅಕಿ ಏನ ಮಾಡಬೇಕು? ದುಂಡಗಿದ್ದದ್ದು ಸಿಕ್ತು, ಕುಂತಾಳ!”

“ಉಳ್ಳಾಗಡ್ಡಿ ಮ್ಯಾಲ?”

“ಹೂಂ ಬೇ. ಓಂಕಾಳ ನೀರ ಕುಡಸಿರ್ಯಾ? ಯಾ ಖುದಾ... ನಗಸಬ್ಯಾಡ ಬಸಮ್ಮ, ಹೊಲಿಗಿ ಹರಿತಾವು!”

ಹಿಂದಿನಿಂದ ನರ್ಸಮ್ಮ ಓಡಿ ಬಂದಳು. ವಜೀರುನ್ನಿಸಾ ಫೋನು ಕಿತ್ತುಕೊಂಡು, “ಆಪರೇಷನ್ ಆದ ಮ್ಯಾಗ ಇವತ್ತೇ ಮೊದಲ ನಕ್ಕಾಳ್ರಿ” ಅಂದಳು. ಮೆಹರಾಜ ಮತ್ತೆ ಫೋನು ಇಸಿದುಕೊಂಡಳು. ಸುನಿತಾಳಿಗೆ ಕೊಡುವ ತತ್ತಿ ನಿಲ್ಲಿಸಿ, ಅವಳ ಕಡೆ ತಿನ್ನದೆ ಉಳಿದವನ್ನೂ ಇಸಿದುಕೊಂಡು, ಇವತ್ತೇ ಗುಲಾಬಿ ಕೆಳಗೆ ಇಡಬೇಕಂತೆ. ಮೂರು ವಾರಕ್ಕೆ ಮರಿ.

“ಮರಿ ಒಡೆಯೋದ್ರಾಗ ನಾ ಬಂದಬಿಡ್ತೇನಿ” ಅಂದಳು.

ಫೋನಿಟ್ಟ ಮೇಲೆ ಅತ್ತೆಗೆ ಅಳುಕುತ್ತಾ ಹೇಳಿದೆ: ಗುಲಾಬಿಯನ್ನು ಈಗ ಬೇರೆ ಕಡೆ ಇಟ್ಟರೆ ಕಾವು ಬಿಟ್ಟುಬಿಡುತ್ತಾಳೆ, ಮಂಚದ ಕೆಳಗೇ ಇರಬೇಕಾಗುತ್ತದೆ, ತತ್ತಿಯೂ ಒಳಗೆ ಬರಬೇಕಾಗುತ್ತದೆ. ಅತ್ತೆ ಲಿಂಗ ಮುಟ್ಟಿಕೊಂಡು ಯೋಚಿಸಿದರು.

“ನಿನ್ನಿತನಕ ಅದು ತತ್ತಿ. ಕಾವಿಗಿಟ್ಟಮ್ಯಾಲ ಜೀವ. ಜೀವಕ್ಕ ಎಲ್ಲೀ ಹೊಸ್ತಿಲಾ?”

ತತ್ತಿಗಳನ್ನು ಮಂಚದ ಕೆಳಗೆ ಒಂದೊಂದೇ ಸರಿಸಿದವರೂ ಅವರೇ. ಉಳ್ಳಾಗಡ್ಡಿ ಎಲ್ಲ ತೆಗೆದೆವು. ಒಂದನ್ನು ಮಾತ್ರ ಗುಲಾಬಿ ಬಿಡಲಿಲ್ಲ, ಕೈ ಹಾಕಿದರೆ ಕುಕ್ಕಿದಳು. ಇರಲಿ ಬಿಡು ಅಂದರು ಅತ್ತೆ.

ಜನವರಿ 24, ಶುಕ್ರವಾರ

ಇವತ್ತಿನದು ಬರೆಯದಿದ್ದರೆ ನನಗೇ ನಂಬಿಕೆ ಬರಲಿಕ್ಕಿಲ್ಲ.

ಬೆಳಿಗ್ಗೆ ಮಸ್ತಾನಿ ಇರಲಿಲ್ಲ. ರಾತ್ರಿ ಎಣಿಸಿ ಒಳಗೆ ಹಾಕಿದ್ದೆ ಅಂದುಕೊಂಡಿದ್ದೆ, ಎಲ್ಲಿ ತಪ್ಪಿತೋ. ಓಣಿಯಲ್ಲೆಲ್ಲ “ಮಸ್ತಾನೀ, ಮೇರಿ ಬಚ್ಚೀ” ಅಂತ ಕೂಗುತ್ತಾ ಓಡಿದೆ. ಸೆರಗು ಎಲ್ಲೋ, ಚಪ್ಪಲಿ ಎಲ್ಲೋ. ನಲ್ಲಿಯ ಹತ್ತಿರ ನೀರು ಹಿಡಿಯುತ್ತಿದ್ದ ಹೆಂಗಸರು ಬಾಯಿ ಮೇಲೆ ಬೆರಳಿಟ್ಟುಕೊಂಡರು. ಇಟ್ಟುಕೊಳ್ಳಲಿ.

ಅಷ್ಟರಲ್ಲಿ ನಮ್ಮ ಮನೆಯವರ ಫೋನಿಗೆ ಆಳಂದದಿಂದ ಕರೆ. ರಾತ್ರಿ ನಮ್ಮ ಗಿರಣಿ ಎದುರು ನಿಲ್ಲುವ ವಸ್ತಿ ಬಸ್ಸಿನ ಕಂಡಕ್ಟರ್.

“ಸಿದ್ದಲಿಂಗಪ್ಪನವರ, ನಿಮ್ಮ ಗಿರಣಿ ಮುಂದಿನ ಕೋಳಿ ಒಂದು ನಮ್ಮ ಬಸ್ಸಿನಾಗ ಆಳಂದಕ್ಕ ಬಂದದ ರಿ. ಡ್ರೈವರ್ ಸೀಟಿನ ಹಿಂದ ಮಲಕೊಂಡಿತ್ತು. ಬಸ್ ಸ್ಟ್ಯಾಂಡಿನ್ಯಾಗ ಇಳದು ಓಡ್ಯಾಡಾಕತ್ತದ.”

ಫೋನು ನಾನು ಕಸಿದುಕೊಂಡೆ. “ಹಿಡೀರಿ! ಯಾರೂ ಮುಟ್ಟದಂಗ ಹಿಡೀರಿ!”

“ಹಿಡದೀವಿ ತಾಯಿ. ಮತ್ತ ಟಿಕೆಟ್ ಯಾರ ಕೊಡ್ತೀರಿ?”

“ಟಿಕೆಟ್ ಯಾಕ್ರಿ? ಹೆಣ್ಣು ಜೀವ ಅದ. ಹೆಂಗಸ್ರಿಗೆ ಬಸ್ ಫ್ರೀ ಇಲ್ಲೇನು?”

ಆ ಕಡೆ ಇಡೀ ಬಸ್ಸು ನಕ್ಕ ಸಪ್ಪಳ ಕೇಳಿಸಿತು. “ಆಧಾರ್ ಕಾರ್ಡ್ ಇರಬೇಕಲ್ರೀ” ಅಂದ ಕಂಡಕ್ಟರ್.

ಇದರ ಮಧ್ಯೆ ನನ್ನ ಫೋನಿಗೆ ಮೆಹರಾಜಳ ವಿಡಿಯೋ ಕರೆ! ಎಲ್ಲರನ್ನೂ ತೋರಿಸು ಅಂದಳು. ಮಂಚದ ಕೆಳಗೆ ಗುಲಾಬಿ, ಎಮ್ಮೆಯ ಮೇಲೆ ಬಡಿ ಆಪಾ, ತಿಪ್ಪೆಯ ಮೇಲೆ ನವಾಬ.

“ಮಸ್ತಾನಿ ಎಲ್ಲಿ?”

“ಆಳಂದಕ್ಕ ಹೋಗ್ಯಾಳ.”

“ಎದಕ್ಕ?”

“ನನಗೇನ ಕೇಳ್ತಿ? ಹೇಳಿ ಹೋಗ್ಯಾಳೇನು? ಮಧ್ಯಾಹ್ನದ ಬಸ್ಸಿಗೆ ಬರ್ತಾಳ.”

ಚೇಷ್ಟೆ ಅಂದುಕೊಂಡು ನಕ್ಕಳು, ಹೊಲಿಗೆ ಒತ್ತಿ ಹಿಡಿದುಕೊಂಡು ನಕ್ಕಳು. ನಾನು ಸುಳ್ಳು ಹೇಳಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಮಸ್ತಾನಿ ಕಂಡಕ್ಟರನ ಕಂಕುಳಲ್ಲಿ ಬಂದಳು. ಡ್ರೈವರ್ ಸೀಟಿನ ಹಿಂದೆ ಒಂದು ತತ್ತಿಯನ್ನೂ ಇಟ್ಟಿದ್ದಳಂತೆ. ಅದನ್ನೇ ಟಿಕೆಟ್ ಎಂದು ತಿಳಿದುಕೊಳ್ಳಿ ಅಂದೆ. ಕಂಡಕ್ಟರನಿಗೆ ಹುರಿದ ಶೇಂಗಾ, ಬೆಲ್ಲ, ತಣ್ಣನೆಯ ಮಜ್ಜಿಗೆ ಕೊಟ್ಟು ಕಳಿಸಿದೆವು.

ಜನವರಿ 29, ಬುಧವಾರ

ಪರೀಕ್ಷೆಯ ರಿಪೋರ್ಟು ಇನ್ನೂ ಬಂದಿಲ್ಲ. ಒಂದು ವಾರ ಅಂದವರು ಎರಡು ವಾರ ಮಾಡಿದರು.

ವಜೀರುನ್ನಿಸಾ ಫೋನಿನಲ್ಲಿ ಇನ್ನೊಂದು ಮಾತು ಹೇಳಿದಳು. ರಿಪೋರ್ಟು ಏನೇ ಬರಲಿ, ತಂಗಿಯನ್ನು ಇನ್ನು ನಮ್ಮ ಊರು ಮಾದನಹಿಪ್ಪರಗಾಕ್ಕೆ ಕಳಿಸುವುದಿಲ್ಲವಂತೆ. ಒಬ್ಬಳೇ ಇರುವುದು ಬೇಡ, ಸೊಲ್ಲಾಪುರದಲ್ಲೇ ಇರಲಿ, ದವಾಖಾನೆ ಹತ್ತಿರ. ಮನೆಯನ್ನು ಬಾಡಿಗೆಗೆ ಕೊಡುತ್ತಾರಂತೆ. ಮೆಹರಾಜ ಏನಂದಳು ಅಂತ ಕೇಳಿದೆ. ಸುಮ್ಮನಿದ್ದಾಳೆ ಅಂದಳು.

ಒಬ್ಬಳೇ ಅಂತೆ! ನಡುವೆ ಒಂದು ಗೋಡೆ ಇದೆ, ಅದೂ ನನ್ನ ಸೊಂಟದ ಎತ್ತರಕ್ಕೆ. ಇಷ್ಟು ವರ್ಷ ಅವಳು ಕೆಮ್ಮಿದರೆ ನಾನು “ಏನಾತಲೇ” ಅಂದಿಲ್ಲವೇ?

ಜನವರಿ 31, ಶುಕ್ರವಾರ

ಮೆಹರಾಜ ಫೋನ್ ಎತ್ತುತ್ತಿಲ್ಲ. ನನಗೆ ಸಿಟ್ಟು ಬಂದಿದೆ. ನವಾಬನ ಕಣ್ಣಿನಲ್ಲಿ ಕಣ್ಣಿಟ್ಟು ನೋಡಿದೆ. ಅವನೇ ತಲೆ ತಗ್ಗಿಸಿ ಆ ಕಡೆ ಹೋದ.

ಫೆಬ್ರುವರಿ 2, ಭಾನುವಾರ

ಊಟದ ಹೊತ್ತಿಗೆ ಮೊಪೆಡ್ಡಿನ ಮೇಲೆ ಒಬ್ಬ ಬಂದ. ಹಿಂದೆ ಎರಡು ಕಡೆ ಜಾಳಿಗೆ ಬುಟ್ಟಿ, ಅದರಲ್ಲಿ ಊರೂರಿನ ಕೋಳಿಗಳು.

“ಸೊಲ್ಲಾಪುರದಿಂದ ವಜೀರುನ್ನಿಸಾ ಬಾಯಿಯವರು ಫೋನ್ ಮಾಡಿದ್ರು ರಿ. ಅವರ ತಂಗಿ ಕೋಳಿ ನಿಮ್ಮ ಕಡಿ ಅದಾವಂತ. ಒಯ್ಯಿ ಅಂದಾರ.”

ಒಯ್ಯುವುದು ಅಂದರೆ ಎಲ್ಲಿಗೆ ಅಂತ ಕೇಳಬೇಕೇ? ಗುಲಾಬಿ ಮಂಚದ ಕೆಳಗಿದ್ದಳು, ಮಸ್ತಾನಿ ಬೇವಿನ ಗಿಡದ ತುದಿಯಲ್ಲಿ, ಬಡಿ ಆಪಾ ಕೊಟ್ಟಿಗೆಯ ಕತ್ತಲಲ್ಲಿ ಕರಿ ಎಮ್ಮೆಯ ಮೇಲೆ ಕರಿ ಕೋಳಿ, ಕಾಣುವ ಹಾಗೇ ಇರಲಿಲ್ಲ. ಆದರೆ ನವಾಬ? ಪಡಸಾಲೆಯ ನಡುವೆ ಎದೆ ಉಬ್ಬಿಸಿಕೊಂಡು ತಿರುಗುತ್ತಿದ್ದ.

“ತಡೀರಿ, ಒಳಗ ಕೇಳಿ ಬರ್ತೇನಿ” ಅಂತ ತಿರುಗಿದೆ. ತಿರುಗಿ ನೋಡುವುದರೊಳಗೆ ನವಾಬ ಇರಲಿಲ್ಲ. ಪಡಸಾಲೆಯಲ್ಲಿ ರೊಟ್ಟಿ ಬುಟ್ಟಿ ಬೋರಲು ಬಿದ್ದಿತ್ತು, ಅದರ ಮೇಲೆ ಅತ್ತೆ ಹೊದೆಯುವ ಕೌದಿ, ಅದಕ್ಕೆ ಬೆನ್ನು ಆನಿಸಿಕೊಂಡು ಮಣೆಯ ಮೇಲೆ ಅತ್ತೆ. ಹಣೆಗೆ ಹಸಿ ವಿಭೂತಿ, ಎಡ ಅಂಗೈಯಲ್ಲಿ ಲಿಂಗ, ಕಣ್ಣು ಅರ್ಧ ಮುಚ್ಚಿದೆ. ಬೆಳಗಿನ ಲಿಂಗಪೂಜೆ ಬೆಳಿಗ್ಗೆಯೇ ಆಗಿತ್ತು!

ಲಿಂಗ ಅಂಗೈಗೆ ಬಂದರೆ ಮುಗಿಯಿತು. ಅತ್ತೆ ಮಾತಾಡುವುದಿಲ್ಲ, ಏಳುವುದಿಲ್ಲ, ಯಾರೂ ಅವರ ಮುಂದೆ ದಾಟುವ ಹಾಗಿಲ್ಲ. ಹೊರಗಿನವನಿಗೂ ಅದು ಗೊತ್ತು. ಚಪ್ಪಲಿ ಬಿಟ್ಟು ಕೈ ಮುಗಿದು ಕಟ್ಟೆಯ ಮೇಲೆ ಕೂತ.

“ಪೂಜಾ ಮುಗೀಲಿ ರಿ. ಕಾಯ್ತೇನಿ.”

ಕಾಯಲಿ ಅಂದುಕೊಂಡೆ. ಬುಟ್ಟಿಯೊಳಗಿನ ನವಾಬ ಕಾಯಬೇಕಲ್ಲ! ಕೌದಿಯೊಳಗಿನಿಂದ ಗುಟುರು ಕೇಳಿಸಿತು. ಗಿರಣಿಯಿಂದ ಇಣುಕಿ ನೋಡಿದ ನಮ್ಮ ಮನೆಯವರಿಗೆ ಒಂದೇ ಕ್ಷಣದಲ್ಲಿ ಎಲ್ಲ ತಿಳಿಯಿತು. ಬೀಸಲು ಕಾಳಿಲ್ಲದಿದ್ದರೂ ಮೋಟಾರು ಚಾಲೂ ಮಾಡಿದರು. ಧಡಧಡ ಧಡಧಡ. ನವಾಬ ಕೂಗಿದರೂ ಕೇಳಿಸಲಿಲ್ಲ. ನಾನು ಶಿವನಿಗೆ ಕೈ ಮುಗಿದೆ. ಕೈ ಮುಗಿಯುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿ ಹೋಯಿತು.

ಗಿರಣಿ ನಿಂತಿತು. ಓಣಿಯೆಲ್ಲ ಶಾಂತ. ಆ ಶಾಂತಿಯಲ್ಲಿ ನವಾಬ ಎದೆ ತುಂಬ ಉಸಿರೆಳೆದುಕೊಂಡು ಕೂಗಿದ.

“ಅದೇನ್ರಿ ಸಪ್ಪಳ?” ಅಂದ ಕಟ್ಟೆಯ ಮೇಲಿದ್ದವನು.

“ನಮ್ಮ ಅತ್ತಿ. ಕೆಮ್ಮು ಭಾಳ ಆಗ್ಯಾದ ರಿ ಅವರಿಗೆ.”

ಅತ್ತೆ ಕಣ್ಣು ತೆರೆಯಲಿಲ್ಲ. ತುಟಿ ಮಾತ್ರ ಗಟ್ಟಿಯಾಗಿ ಬಿಗಿದುಕೊಂಡರು, ಭುಜ ಕುಣಿಯುತ್ತಿತ್ತು. ನವಾಬ ಇನ್ನೊಂದು ಸಲ ಕೂಗಿದ. ಅತ್ತೆ ಕೆಮ್ಮಿದರು. ಅವನು ಕೂಗುವುದು, ಇವರು ಕೆಮ್ಮುವುದು, ಅವನು ಕೂಗುವುದು, ಇವರು ಕೆಮ್ಮುವುದು. ನಾನು ಒಳಗೆ ಓಡಿ ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆ. ನಕ್ಕು ಬಂದು ಆ ಮನುಷ್ಯನಿಗೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬಡಿಸಿದೆ. ತಿಂದ. ಕಾದ. ಪೂಜೆ ಮುಗಿಯಲಿಲ್ಲ. ಬಿಸಿಲು ಕಟ್ಟೆಯಿಂದ ಇಳಿದು ಓಣಿಗೆ ಹೋಯಿತು, ಪೂಜೆ ಮುಗಿಯಲಿಲ್ಲ. ಕೊನೆಗೆ ಅವನು ಎದ್ದು ಚಪ್ಪಲಿ ಮೆಟ್ಟಿಕೊಂಡ.

“ನಾ ಬರ್ತೇನಿ ತಾಯಿ. ಇಲ್ಲಿ ಕೋಳಿ ಇಲ್ಲಂತ ಹೇಳ್ತೇನಿ. ನಿಮ್ಮ ಅತ್ತಿಯವರ ಕೆಮ್ಮಿಗೆ ಮಾತ್ರ ಔಷಧ ಕೊಡಸ್ರಿ, ಭಾಳ ಜೋರ ಅದ” ಅಂದ. ನಗುತ್ತಾ ಮೊಪೆಡ್ಡು ಹತ್ತಿದ.

ಅತ್ತೆ ಲಿಂಗವನ್ನು ಕಣ್ಣಿಗೊತ್ತಿಕೊಂಡು ಕರಡಿಗೆಯಲ್ಲಿಟ್ಟರು. “ಇಷ್ಟ ಛಲೋ ಪೂಜಾ ನಾ ಹಿಂದ ಯಾವಾಗೂ ಮಾಡಿದ್ದಿಲ್ಲ ನೋಡು” ಅಂದರು. ಮಂಡಿ ಹಿಡಿದುಕೊಂಡು ಬಿಟ್ಟಿತ್ತು, ನಾವಿಬ್ಬರೂ ಎತ್ತಬೇಕಾಯಿತು.

ಸಂಜೆ ಮೆಹರಾಜಳಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತುವತನಕ ಮಾಡಿದೆ.

“ಕೋಳಿ ಮಾರ್ತೀಯೇನಲೇ? ಬಂದು ಮಾರು! ನಿನ್ನ ಕೈಲೇ ಹಿಡದು ಕೊಡು, ನೋಡ್ತೇನಿ!”

“ಮಾರಾದ? ಯಾರ ಮಾರಾಕತ್ತಾರ?” ಅವಳಿಗೆ ಏನೂ ಗೊತ್ತಿರಲಿಲ್ಲ. ಮೊಪೆಡ್ಡಿನವನು ಬಂದದ್ದು ಹೇಳಿದೆ. ಆಮೇಲೆ ಸಣ್ಣ ದನಿಯಲ್ಲಿ, “ರಿಪೋರ್ಟು ಕೆಟ್ಟದ್ದು ಬಂದ್ರ ಅವನ್ನ ನೋಡೋರ ಯಾರ ಬೇ” ಅಂದಳು.

“ನಾ ಏನ ಸತ್ತೀನೇನು?” ಅಂದೆ. ಫೋನು ಇಟ್ಟ ಮೇಲೆ ನಾನು ಬಹಳ ಅತ್ತುಬಿಟ್ಟೆ. ಒಲೆಯಲ್ಲಿ ಮೆಣಸಿನಕಾಯಿ ಇರಲಿಲ್ಲ.

ಫೆಬ್ರುವರಿ 6, ಗುರುವಾರ

ಒಳ್ಳೆಯದು! ಗಡ್ಡೆ ಕೆಟ್ಟದ್ದಲ್ಲ!

ನಮ್ಮ ಮನೆಯವರು ಬಂದ ಗಿರಾಕಿಗಳಿಗೆಲ್ಲ ಇವತ್ತು ಬೀಸುವ ಹಣ ತೆಗೆದುಕೊಳ್ಳಲಿಲ್ಲ. ಕೇಳಿದವರಿಗೆ ಏನು ಹಬ್ಬ ಅಂತ ಹೇಳಲು ಬರದೆ “ಸುಮ್ಮನ” ಅಂದರು. ಅತ್ತೆ ಹುಗ್ಗಿ ಮಾಡಿಸಿದರು. ಕೋಳಿಗಳಿಗೂ ಬಿತ್ತು. ನವಾಬನ ಗಡ್ಡಕ್ಕೆ ಬೆಲ್ಲದ ಪಾಕ ಅಂಟಿಕೊಂಡು ಇಡೀ ದಿನ ಇರುವೆ ಹಿಂದೆ ಬಿದ್ದಿದ್ದವು.

ಆದರೆ ವಜೀರುನ್ನಿಸಾ ಪಟ್ಟು ಬಿಟ್ಟಿಲ್ಲ. ತಂಗಿ ಸೊಲ್ಲಾಪುರದಲ್ಲೇ ಇರಬೇಕಂತೆ. ಅಕ್ಕನ ಮುಂದೆ ಮೆಹರಾಜಳಿಗೆ ಬಾಯಿ ಇಲ್ಲ. ಇರುವ ಬಾಯಿ ಎಲ್ಲ ನನ್ನ ಮುಂದೆ.

ಫೆಬ್ರುವರಿ 8, ಶನಿವಾರ

ಬೆಳಿಗ್ಗೆ ಅತ್ತೆ ಮಂಚದ ಮೇಲಿಂದಲೇ ಕೂಗಿದರು. “ಬಸಮ್ಮಾ! ಮಂಚ ಮಾತಾಡಾಕತ್ತದ, ಬಾ!”

ಚಿಂವ್ ಚಿಂವ್ ಚಿಂವ್. ಗುಲಾಬಿಯ ರೆಕ್ಕೆಯ ಸಂದಿಯಿಂದ ಒಂದು ಪುಟ್ಟ ಹಳದಿ ತಲೆ. ಇನ್ನೊಂದು ಕರಿ ತಲೆ. ಮಧ್ಯಾಹ್ನದ ಹೊತ್ತಿಗೆ ಬುಟ್ಟಿ ತುಂಬ ತಲೆಗಳು. ನಾವು ಮೂವರೂ ನೆಲದ ಮೇಲೆ ಮಲಗಿಕೊಂಡು ಮಂಚದ ಕೆಳಗೆ ನೋಡುತ್ತಿದ್ದೆವು. ಗಿರಣಿಗೆ ಬಂದವರು ಕೂಗಿ ಕೂಗಿ ಒಳಗೆ ಬಂದರು, ಅವರೂ ಮಲಗಿದರು.

ಗುಲಾಬಿ ಎದ್ದು ಮೈ ಕೊಡವಿದಾಗ ನೋಡಿದೆವು, ಆ ಒಂದು ಉಳ್ಳಾಗಡ್ಡಿ! ಮೂರು ವಾರ ಅವಳ ಹೊಟ್ಟೆಯ ಕೆಳಗೆ ಕಾವು ತಿಂದು ಹಸಿರು ಮೊಳಕೆ ಒಡೆದಿತ್ತು. ಗುಲಾಬಿ ಅದನ್ನೂ ಕೊಕ್ಕಿನಿಂದ ತಟ್ಟಿ ತಟ್ಟಿ ಎಬ್ಬಿಸುತ್ತಿದ್ದಳು, ಏಳು ಮಗನೇ, ಎಲ್ಲರೂ ಎದ್ದರು ಅನ್ನುವ ಹಾಗೆ. ಅತ್ತೆ ನಕ್ಕು ನಕ್ಕು ಕಣ್ಣೊರೆಸಿಕೊಂಡರು.

ಮೆಹರಾಜಳಿಗೆ ಫೋನ್ ಮಾಡಿದೆ. ಏನೂ ಹೇಳಲಿಲ್ಲ. ಫೋನನ್ನು ಬುಟ್ಟಿಯ ಹತ್ತಿರ ಹಿಡಿದೆ ಅಷ್ಟೇ. ಚಿಂವ್ ಚಿಂವ್ ಚಿಂವ್. ಆಮೇಲೆ ದೂರದಲ್ಲಿ ಅವಳ ದನಿ, ನನಗಲ್ಲ, ಯಾರಿಗೋ, ಉರ್ದುವಿನಲ್ಲಿ, ಜೋರಾಗಿ: “ಆಪಾ, ಮೇರಾ ಬುರ್ಖಾ ಕಿಧರ್ ಹೈ?”

ಫೆಬ್ರುವರಿ 9, ಭಾನುವಾರ

ಬಂದಳು! ಅಕ್ಕನ ಕಾರಿನಲ್ಲೇ ಬಂದಳು, ಅಕ್ಕನಿಗೆ ಬೈಯುತ್ತಲೇ ಬಂದಳು. ವಜೀರುನ್ನಿಸಾ ಇಳಿದವಳೇ, “ತಗೋರಿ ನಿಮ್ಮ ಹೆಣ್ಣಮಗಳನ್ನ, ನಿನ್ನಿಯಿಂದ ನನ್ನ ತಲಿ ತಿಂದಾಳ” ಅಂದಳು. ನಮ್ಮ ಪಡಸಾಲೆಯಲ್ಲಿ ಕೂತು ಅತ್ತೆಯ ಮುಂದೆ ಅತ್ತಳು, ತಂಗಿಗೆ ಏನಾದೀತೋ ಅನ್ನುವ ಭಯಕ್ಕೇ ಹಾಗೆ ಮಾಡಿದೆ ಅಂದಳು. ಅತ್ತೆ ಅವಳ ಬೆನ್ನು ಸವರಿ, “ನಡುವ ಗ್ವಾಡಿ ಅದ, ದೂರ ಇಲ್ಲವಾ” ಅಂದರು.

ಮೆಹರಾಜ ಅರ್ಧ ಆಗಿಹೋಗಿದ್ದಾಳೆ. ಹಿತ್ತಲಿನಲ್ಲಿ ನಿಂತು “ಮೇರಿ ಬಚ್ಚೀ” ಅಂದದ್ದೇ ತಡ, ಮಸ್ತಾನಿ ಗಿಡದಿಂದ ಬಿದ್ದಳು, ಬಡಿ ಆಪಾ ಎಮ್ಮೆಯಿಂದ ಹಾರಿದಳು, ನವಾಬ ಹವಾಲ್ದಾರನನ್ನು ತುಳಿದುಕೊಂಡು ಓಡಿದ. ಗುಲಾಬಿ ಮರಿಗಳ ದಂಡಿನೊಂದಿಗೆ ಹೊಸ್ತಿಲು ದಾಟಿ ಹೊರಗೆ ಬಂದಳು. ನನ್ನ ಕಡೆ ಒಂದೂ ತಿರುಗಿ ನೋಡಲಿಲ್ಲ, ನಿಮಕಹರಾಮಿಗಳು. ಆ ಮೊಳಕೆಯ ಉಳ್ಳಾಗಡ್ಡಿಯನ್ನು ಅತ್ತೆ ಗೋಡೆಯ ಬುಡದಲ್ಲಿ ಊರಿ ನೀರು ಹಾಕಿದರು.

ಸಂಜೆ ಕೋಳಿ, ಮರಿ ಎಲ್ಲರೂ ಅವಳ ಮನೆಗೆ ಹೋದರು.

ಫೆಬ್ರುವರಿ 12, ಬುಧವಾರ

ಹಿತ್ತಲು ಸ್ವಚ್ಛ. ಗಿರಣಿ ಮುಂದೆ ಒಂದು ಪುಕ್ಕ ಇಲ್ಲ. ಎಷ್ಟು ವರ್ಷದಿಂದ ಇದೇ ಬೇಕು ಅನ್ನುತ್ತಿದ್ದೆ, ಸಿಕ್ಕಿತು.

ಶೇವಂತಿ ಬೆಳಿಗ್ಗೆ ಹಾಲು ಕೊಡಲಿಲ್ಲ, ಬಾಲದಿಂದ ಬಾರಿಸಿತು. ಹವಾಲ್ದಾರ ಗೋದಲಿಯಲ್ಲಿ ಅಡಗಿಕೊಳ್ಳಲು ಕಾರಣವಿಲ್ಲದೆ ಸುಮ್ಮನೆ ನಿಂತಿತ್ತು. ಅತ್ತೆ ಹೊಟ್ಟೆ ಸರಿ ಇಲ್ಲವೆಂದು ಒಂದೇ ರೊಟ್ಟಿ ತಿಂದರು. ಮಂಚದ ಕೆಳಗೆ ಉಳ್ಳಾಗಡ್ಡಿ ಬುಟ್ಟಿ ಮತ್ತೆ ಇಟ್ಟೆ. ಬೇಡ, ಖಾಲಿ ಬುಟ್ಟಿ ಇಡು ಅಂದರು.

ನಾನು ಆರಾಮ ಇದ್ದೇನೆ.

ಫೆಬ್ರುವರಿ 15, ಶನಿವಾರ

ಬೆಳಿಗ್ಗೆ ಗಿರಣಿ ಮುಂದೆ ಕಸ ಹೊಡೆದೆ. ಒಂದು ಕಾಳು ಬಿಡಲಿಲ್ಲ. ಆಮೇಲೆ ಡಬ್ಬಿಯಿಂದ ಒಂದು ಹಿಡಿ ಜೋಳ ಕೈ ಜಾರಿ ಬಿತ್ತು. ಅದನ್ನು ಎತ್ತಬೇಕು ಅನ್ನುವುದರೊಳಗೆ ಇನ್ನೊಂದು ಹಿಡಿ ಜಾರಿತು. ಗೋಡೆಯ ಮೇಲೆ ನವಾಬನ ಜುಟ್ಟು ಕಾಣಿಸಿತು. ಹಿಂದೆ ಮಸ್ತಾನಿ. ಗೋಡೆ ಹಾರಲು ಬರದ ಮರಿಗಳು ಬಾಗಿಲಿಂದ ಬಂದವು, ಗುಲಾಬಿಯ ಹಿಂದೆ. ಬಡಿ ಆಪಾ ಯಾರನ್ನೂ ಕೇಳದೆ ನೇರ ಕೊಟ್ಟಿಗೆಗೆ ಹೋದಳು. ಒಳಗಿನಿಂದ ಅತ್ತೆ, “ಬಂದ್ರೇನವಾ?” ಅಂದರು.

ಗೋಡೆಯಾಚೆಯಿಂದ ಮೆಹರಾಜ ತಲೆ ಎತ್ತಿದಳು. ಒಂದು ಕೈ ಹೊಟ್ಟೆಯ ಮೇಲೆ.

“ಏ ಬಸಮ್ಮ! ಜೋಳ ಹಾಕಿ ನನ್ನ ಮಕ್ಕಳನ್ನ ಕರ್ಯಾಕತ್ತೀಯೇನ ಬೇ?”

“ಯಾರ ಕರದ್ರು? ಕೈ ಜಾರ್ತು!”

“ನಿನ್ನೀನೂ ಜಾರಿತ್ತು!”

“ವಯಸ್ಸಾತು, ಜಾರ್ತದ! ನಿನಗೇನು? ನಿನ್ನ ಕೋಳಿ ನನ್ನ ಹಿತ್ತಲ ಹೊಲಸ ಮಾಡ್ಯಾವ, ಅದನ್ನ ಕೇಳು ಮೊದಲ!”

ಅವಳು ಒಂದು ಅಂದಳು, ನಾನು ಎರಡು ಅಂದೆ. ಸುನಿತಾ ದೊಡ್ಡ ಹೊಟ್ಟೆ ಹೊತ್ತುಕೊಂಡು ಬಾಗಿಲಿಗೆ ಬಂದು ನಿಂತಳು, ನಮ್ಮ ಮನೆಯವರು ಗಿರಣಿ ನಿಲ್ಲಿಸಿದರು. ಸಂಜೆ ಮತ್ತೆ ಗೋಡೆಯ ಹತ್ತಿರ ಹೋಗಿ ಉಳಿದದ್ದನ್ನು ಬೈದೆ. ಅವಳು ಹೊಲಿಗೆ ಹಿಡಿದುಕೊಂಡು ನಕ್ಕಳು. ಗೋಡೆಯ ಬುಡದ ಉಳ್ಳಾಗಡ್ಡಿ ಗೇಣುದ್ದ ಆಗಿದೆ, ಮರಿಗಳು ಅದರ ಸುತ್ತ ಕೆದರುತ್ತಿದ್ದವು. ರಾತ್ರಿ ಎರಡು ರೊಟ್ಟಿ ಹೆಚ್ಚು ತಿಂದೆ.

ಇನ್ನು ಈ ಡೈರಿಯಲ್ಲಿ ಬರೆಯುವುದು ಏನೂ ಇಲ್ಲ. ಉಳಿದ ಹಾಳೆ ನಾಳೆ ಹರಿದು ಮಂಚದ ಕೆಳಗಿನ ಬುಟ್ಟಿಗೆ ಹಾಸುತ್ತೇನೆ. ಮಸ್ತಾನಿಗೂ ಕಾವು ಬರುವ ಹಾಗಿದೆ.